ಮೌನ ಕಟ್ಟುವವರ ಮಣೆ

ಆ ಊರು ಹೊಳೆಯ ಎರಡೂ ದಂಡೆಗಳ ಮೇಲಿತ್ತು. ಅಲ್ಲಿ ಒಂದು ನಿಯಮವಿತ್ತು. ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಅಪ್ಪಣೆ ನೆರವೇರುವ ತನಕ ಸಾಯುತ್ತಿರಲಿಲ್ಲ. ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ, ಹೇಳಿದವರ ದನಿಯಲ್ಲೇ ಅದು ಮರುದಿನ ಮತ್ತೆ ಕೇಳುತ್ತಿತ್ತು. ಅದರ ಮರುದಿನವೂ. ಹೇಳಿದವರು ಸತ್ತರೂ ಅದು ನಿಲ್ಲುತ್ತಿರಲಿಲ್ಲ.

ಹಾಗಾಗಿ ಜನ ನಾಲಗೆಯನ್ನು ಬಿಗಿಹಿಡಿದು ಬದುಕುತ್ತಿದ್ದರು. ಬಾಯಾರಿದವನು ನೀರು ಕೊಡು ಎನ್ನುತ್ತಿರಲಿಲ್ಲ; ನೀರು ಇದೆಯೇನು ಎಂದು ಕೇಳುತ್ತಿದ್ದ. ತಾಯಂದಿರು ಮಲಗುವ ಹೊತ್ತಾಯಿತಲ್ಲ ಎಂದು ಮಕ್ಕಳನ್ನು ಮಲಗಿಸುತ್ತಿದ್ದರು. ಪ್ರಶ್ನೆಗಳು ಗಾಳಿಯಲ್ಲಿ ಕರಗಿ ಹೋಗುತ್ತಿದ್ದವು. ಆದರೆ ಯಾರ ಬಾಯಿ ತಾನೇ ಜಾರುವುದಿಲ್ಲ? ಹಳೆಯ ಮನೆಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ದನಿಗಳು. ಯಾರದೋ ಮುತ್ತಜ್ಜ ಹೊತ್ತು ಹುಟ್ಟುವಾಗ ಕುದುರೆಗೆ ಜೀನು ಹಾಕು ಎನ್ನುತ್ತಿದ್ದ. ಆ ಕುದುರೆ ಸತ್ತು ಮೂರು ತಲೆಮಾರು ಕಳೆದಿತ್ತು. ಯಾರದೋ ಅತ್ತೆ ನಡುಮಧ್ಯಾಹ್ನ ನನ್ನ ಮಗನನ್ನು ಕರೆಸು ಎನ್ನುತ್ತಿದ್ದಳು, ಕರೆಸಲು ಮಗನಿರಲಿಲ್ಲ.

ಮೌನ ಬೇಕಾದವರು ಬಹಳ ಮಂದಿ ಇದ್ದರು. ಅವರಿಗಾಗಿ ಎಡದಂಡೆಯಲ್ಲಿ ಒಂದು ಹೊಸ ಮನೆ ಹುಟ್ಟಿಕೊಂಡಿತ್ತು. ಅದರ ಕೆಲಸ ಒಂದೇ: ಸದ್ದು ಹೊಗದ ಕೋಣೆಗಳನ್ನು ಯೋಚಿಸಿ, ನಕ್ಷೆ ಬರೆದು, ಕಟ್ಟಿಕೊಡುವುದು. ಮೂವರು ಸೇರಿ ಅದನ್ನು ಶುರು ಮಾಡಿದ್ದರು. ನಕ್ಷೆ ಬರೆಯುವವನು ಗೆರೆಯವನು. ಗೋಡೆಗೆ ಯಾವ ಮಣ್ಣು, ಎಷ್ಟು ಹೊಟ್ಟು ಎಂದು ಬಲ್ಲವನು ಮಣ್ಣಿನವನು. ಕಟ್ಟಿದ ಕೋಣೆ ನಿಜಕ್ಕೂ ಮೌನವೋ ಅಲ್ಲವೋ ಎಂದು ಹೇಳುವವಳು ಕಿವಿಯವಳು. ಮೂವರೂ ಬಲದಂಡೆಯ ದೊಡ್ಡಮನೆಯಲ್ಲಿ ಕೆಲಸ ಕಲಿತವರು. ಅಲ್ಲಿ ಬದುಕಿರುವ ಯಜಮಾನರ ಅಪ್ಪಣೆಗಿಂತ ಸತ್ತ ಯಜಮಾನರ ಅಪ್ಪಣೆಯೇ ಹೆಚ್ಚು ಕೇಳುತ್ತಿತ್ತು. ಹೊಳೆ ದಾಟಿ ಬಂದ ದಿನ ಮೂವರೂ ಒಂದು ಮಾತು ಮಾಡಿಕೊಂಡರು: ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಅಪ್ಪಣೆ ಕೊಡುವುದಿಲ್ಲ.

ಆ ಊರಿನ ಪ್ರತಿ ಕೆಲಸದ ಮನೆಯಲ್ಲೂ ಪಡಸಾಲೆಯ ನಡುವೆ ಒಂದು ಮಣೆ ಇರುತ್ತಿತ್ತು. ಮನೆ ನಡೆಸುವವರು ಅದರ ಮೇಲೆ ಕೂರುವರು. ಈ ಮನೆಯಲ್ಲೂ ಮಣೆ ಇತ್ತು. ಅದರ ಮೇಲೆ ಬೆಕ್ಕು ಮಲಗುತ್ತಿತ್ತು.

ಮೂವರೇ ಇದ್ದಾಗ ಇದು ನಡೆಯಿತು. ಐದನೆಯ ವರ್ಷಕ್ಕೆ ಹದಿನಾಲ್ಕು ಮಂದಿಯಾದರು. ಹದಿನಾಲ್ಕನೆಯವಳು ಅಳತೆಯವಳು. ಗಂಟು ಹಾಕಿದ ಹಗ್ಗ ಹಿಡಿದು ಗೋಡೆ ಅಳೆಯುವುದು ಅವಳ ಕೆಲಸ. ಮೊದಲ ದಿನ ಅವಳನ್ನು ಆಗಷ್ಟೇ ಮುಗಿದ ಒಂದು ಕೋಣೆಯ ಹತ್ತಿರ ಕರೆದೊಯ್ದರು. ಕಿವಿಯವಳು ಗೋಡೆಗೆ ಕಿವಿ ಹಚ್ಚಿ, 'ಇಂಥ ಮೌನ ನಾನು ಕೇಳಿಯೇ ಇಲ್ಲ' ಎಂದಳು. ಉಳಿದವರು ತಲೆದೂಗಿದರು. ಅಳತೆಯವಳು ಹಗ್ಗ ಹಿಡಿದು ಕೋಣೆಯನ್ನು ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು.

'ಬಾಗಿಲು ಯಾವ ಕಡೆ ಇದೆ?' ಎಂದು ಕೇಳಿದಳು.

ಯಾರೂ ಬಾಗಿಲು ಇಟ್ಟಿರಲಿಲ್ಲ. ಇನ್ನೊಬ್ಬರು ಇಡುತ್ತಾರೆ ಎಂದು ಹದಿಮೂರು ಮಂದಿಯೂ ಅಂದುಕೊಂಡಿದ್ದರು. ಇಡು ಎಂದು ಹೇಳುವ ಬಾಯಿ ಆ ಮನೆಯಲ್ಲಿ ಇರಲಿಲ್ಲ.

ಆಮೇಲೆ ಮೂವರೂ ಮಣೆಗೆ ಒಬ್ಬರನ್ನು ಹುಡುಕಲು ಹೊರಟರು. ಮೊದಲು ದೊಡ್ಡಮನೆಯಿಂದ ಒಬ್ಬನನ್ನು ತಂದರು. ಅವನ ಕಂಠ ಹೊಳೆಯ ಆಚೆಗೂ ಕೇಳುತ್ತಿತ್ತು. ಬೆಕ್ಕನ್ನು ಓಡಿಸಿ ಎಂಬುದು ಅವನ ಮೊದಲ ಅಪ್ಪಣೆ. ಒಂದೇ ದಿನ ನಲವತ್ತೊಂದು ಅಪ್ಪಣೆ ಕೊಟ್ಟ. ಮರುದಿನ ಅರ್ಧಕ್ಕರ್ಧ ತಿರುಗಿ ಬಂದವು, ಹೊಸ ನಲವತ್ತರ ಜೊತೆಗೆ. ಎಂಟನೆಯ ದಿನ ಕೆಲಸದ ಮನೆ ಸಂತೆಯಾಯಿತು. ತನ್ನ ದನಿಯನ್ನು ತಾನೇ ತಾಳಲಾರದೆ ಅವನು ಹೊರಟುಹೋದ. ಅವನು ಬಿಟ್ಟು ಹೋದ ಅಪ್ಪಣೆಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಒಂದೊಂದಾಗಿ ನೆರವೇರಿಸಿ ಮುಗಿಸಲು ಎರಡು ತಿಂಗಳು ಹಿಡಿಯಿತು. ಬೆಕ್ಕನ್ನೂ ಓಡಿಸಿದರು. ನೆರವೇರಿದ ಅಪ್ಪಣೆ ಸತ್ತಿತು. ಬೆಕ್ಕು ಮರುದಿನವೇ ಬಂದು ಮಣೆಯ ಮೇಲೆ ಮಲಗಿತು.

ಎರಡನೆಯವನು ಮನೆ ನಡೆಸುವ ವಿದ್ಯೆಯನ್ನು ಓದಿಕೊಂಡು ಬಂದವನು. ಮೆದುವಾಗಿ ಮಾತಾಡುತ್ತಿದ್ದ. ಅವನು ಕೊಟ್ಟದ್ದು ಒಂದೇ ಅಪ್ಪಣೆ: ಇನ್ನೂ ಚೆನ್ನಾಗಿ ಮಾಡಿ. ಅದು ಯಾವಾಗ ಮುಗಿಯುತ್ತದೆ ಎಂದು ಯಾರಿಗೂ ತಿಳಿಯಲಿಲ್ಲ. ಅವನು ಹೋದ ಮೇಲೂ ಪಡಸಾಲೆಯ ಮೂಲೆಯಲ್ಲಿ ಬೆಳಗಿನ ಹೊತ್ತು ಆ ಮೆದು ದನಿ ಏಳುತ್ತಿತ್ತು. ಕೊನೆಗೆ ಮಣ್ಣಿನವನು ಆ ಮೂಲೆಗೆ ಅಡ್ಡಗೋಡೆ ಕಟ್ಟಿದ. ಗೋಡೆಯ ಹಿಂದೆ ಅದು ಇನ್ನೂ ಇದೆ.

ಮೊದಲನೆಯವನು ಬಿಟ್ಟುಹೋದದ್ದರಲ್ಲಿ ಒಂದು ಮಾತ್ರ ಉಳಿದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅಂಗಳದಲ್ಲಿ ಅವನ ದನಿ ಗುಡುಗುತ್ತಿತ್ತು: ಆ ಏಣಿ ಒಳಗಿಡಿ. ಮನೆಯಲ್ಲಿದ್ದ ಮೂರು ಏಣಿಗಳನ್ನೂ ಒಳಗಿಟ್ಟಾಗಿತ್ತು. ಆದರೂ ದನಿ ನಿಲ್ಲಲಿಲ್ಲ. ಒಂದು ದಿನ ಅಳತೆಯವಳು ಕೈತೊಳೆದು, ಅವನು ನಿಂತಿದ್ದ ಜಾಗದಲ್ಲೇ, ಅದೇ ಹೊತ್ತಿಗೆ, ಅವನು ನೋಡುತ್ತಿದ್ದ ಕಡೆಗೇ ಮುಖ ಮಾಡಿ ನಿಂತಳು. ಬಾವಿಯ ಹಿಂದೆ, ಬಳ್ಳಿಯ ಒಳಗೆ, ಒಂದು ಏಣಿಯ ತುದಿ ಕಾಣಿಸಿತು. ಎರಡು ಮೆಟ್ಟಿಲು ಮುರಿದು ಯಾರೋ ಎಸೆದ ಏಣಿ. ಅವಳು ಅದನ್ನು ಎಳೆದು ತಂದು ಒಳಗಿಟ್ಟಳು. ಮರುದಿನ ಊಟದ ಹೊತ್ತಿಗೆ ಅಂಗಳ ತಣ್ಣಗಿತ್ತು.

ಇದನ್ನು ಒಬ್ಬ ಮುದುಕ ನೋಡುತ್ತಾ ನಿಂತಿದ್ದ. ಅವನ ಎರಡೂ ಕಿವಿಗಳಲ್ಲಿ ಹತ್ತಿ ಇತ್ತು. ದೊಡ್ಡಮನೆಯಲ್ಲಿ ಮೂವತ್ತು ವರ್ಷ ಮಣೆಯ ಮೇಲೆ ಕೂತವನು ಎಂದು ಎರಡೂ ದಂಡೆಯವರಿಗೆ ಗೊತ್ತಿತ್ತು.

'ನಿಮ್ಮ ಮಣೆ ನನಗೆ ಬೇಡ' ಎಂದು ಹತ್ತಿಯವನು ಮೂವರಿಗೂ ಹೇಳಿದ. 'ಅದರ ಮೇಲೆ ಕೂರುವವಳನ್ನು ಮಾಡಿಕೊಡ್ತೀನಿ. ನೀವು ನನಗೊಂದು ಕೋಣೆ ಮಾಡಿಕೊಟ್ಟರೆ ಆಯಿತು.'

'ಮಾಡಿಕೊಡೋಕೆ ಅದೇನು ಮಡಕೆಯೇ?' ಎಂದ ಗೆರೆಯವನು.

'ಮಡಕೆ ಆಗಿದ್ದರೆ ನಾನೇ ಮಾಡ್ತಿದ್ದೆ' ಎಂದ ಮಣ್ಣಿನವನು.

'ಕೂರುವವಳು ಅಂದಿರಿ. ಯಾರು ಅವಳು?' ಎಂದಳು ಕಿವಿಯವಳು.

ಹತ್ತಿಯವನು ಅಂಗಳದ ಕಡೆ ನೋಡಿದ. ಅಳತೆಯವಳು ಮುರಿದ ಏಣಿಗೆ ಹೊಸ ಮೆಟ್ಟಿಲು ಕಟ್ಟುತ್ತಿದ್ದಳು.

ಅವಳು ಒಪ್ಪಲಿಲ್ಲ. ಅಪ್ಪಣೆಯ ಕೆಳಗೆ ಬದುಕುವುದು ಎಂದರೇನು ಎಂದು ಅವಳಿಗೆ ಗೊತ್ತಿತ್ತು. ಅವಳು ಚಿಕ್ಕವಳಿದ್ದಾಗ ತಾಯಿ ಕೊನೆಯ ಬೆಳಗಿನಲ್ಲಿ, ತಂಗಿಯನ್ನು ನೋಡಿಕೋ ಎಂದು ಹೇಳಿ ಕಣ್ಣು ಮುಚ್ಚಿದ್ದಳು. ಇಪ್ಪತ್ತು ವರ್ಷಗಳಿಂದ ಪ್ರತಿ ಬೆಳಿಗ್ಗೆ ಆ ದನಿ ಅಡುಗೆಮನೆಯಲ್ಲಿ ಕೇಳುತ್ತಿತ್ತು. ತಂಗಿ ಈಗ ಅಕ್ಕನಿಗಿಂತ ಎತ್ತರ. ದನಿ ಬಂದಾಗಲೆಲ್ಲ ಅವಳು ಜಡೆ ಹೆಣೆದುಕೊಳ್ಳುತ್ತಾ, 'ಏನಕ್ಕಾ, ನೋಡಿಕೊಳ್ತಾ ಇದೀಯಾ?' ಎಂದು ಕೆಣಕುತ್ತಿದ್ದಳು. ಅಕ್ಕ ಮಾತ್ರ ಒಂದು ದಿನವೂ ಆ ದನಿಗೆ ಬೆನ್ನು ಹಾಕಿ ಕೂತವಳಲ್ಲ.

'ನನ್ನ ದನಿ ಇನ್ನೊಬ್ಬರ ಮನೆಯಲ್ಲಿ ಹಾಗೆ ಉಳಿಯೋದು ನನಗೆ ಬೇಡ' ಎಂದಳು.

'ಅದು ಬೇಡ ಅನ್ನೋರೇ ಬೇಕಾಗಿರೋದು' ಎಂದ ಹತ್ತಿಯವನು. 'ಒಂದು ವರ್ಷ ನನ್ನ ಜೊತೆ ಇರ್ತೀಯಾ? ಆಮೇಲೂ ಬೇಡ ಅನಿಸಿದರೆ ಹಗ್ಗ ಇದ್ದೇ ಇದೆ.'

ಅವಳು ಹೂಂ ಎಂದಳು.

ಹತ್ತಿಯವನು ಕಲಿಸಿದ್ದು ಸ್ವಲ್ಪ. ಅಪ್ಪಣೆ ಬಾಯಿಗೆ ಬರುವ ಮೊದಲು ಅದು ಮುಗಿಯುವ ಜಾಗ ಕಣ್ಣಿಗೆ ಕಾಣಬೇಕು, ಅಷ್ಟೇ. ಮೊದಲ ತಿಂಗಳು ದಿನಕ್ಕೆ ಒಂದೇ ಅಪ್ಪಣೆ, ಅದೂ ಅವನಿಗೇ. ಈ ಇಟ್ಟಿಗೆಯನ್ನು ಆ ಕಲ್ಲಿನ ಮೇಲಿಡಿ ಎಂದು ಅವಳು ಹೇಳುವಳು. ಅವನು ಇಡುವನು. ಮರುದಿನ ಇಬ್ಬರೂ ಅದೇ ಹೊತ್ತಿಗೆ ಬಂದು ಕಿವಿಗೊಟ್ಟು ನಿಲ್ಲುವರು. ಒಂದು ಸಲ ಅವಳ ದನಿ ತಿರುಗಿ ಬಂತು. ಇಟ್ಟಿಗೆ ಕಲ್ಲಿನಿಂದ ಒಂದು ಬೆರಳು ಹೊರಗೆ ಚಾಚಿತ್ತು. ಅವನು ಇಟ್ಟಿಗೆಯನ್ನು ಸರಿಸಿದ.

ಆರನೆಯ ತಿಂಗಳಲ್ಲಿ ಅವನು ಅವಳನ್ನು ಹೊಳೆ ದಾಟಿಸಿ ದೊಡ್ಡಮನೆಯ ಹಿತ್ತಿಲಿಗೆ ಕರೆದೊಯ್ದ. ಅಲ್ಲಿ ಅರ್ಧಕ್ಕೆ ನಿಂತ ಒಂದು ಗೋಪುರವಿತ್ತು. ಅದಕ್ಕೆ ಬಿದಿರಿನ ಅಟ್ಟಣಿಗೆ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ಬಿದಿರು ಕಪ್ಪಾಗಿತ್ತು. ಗೋಪುರದ ನೆರಳು ಬೇಲಿಯನ್ನು ಮುಟ್ಟಿದಾಗ ಹತ್ತಿಯವನು ಕಿವಿಯಿಂದ ಹತ್ತಿ ತೆಗೆದ.

ಇಳಿದು ಬಾ.

ಅವನದೇ ದನಿ, ಇಪ್ಪತ್ತೆರಡು ವರ್ಷ ಚಿಕ್ಕದು. ಗದರಿದ ಹಾಗೆ ಇತ್ತು.

'ಮೇಲೆ ಒಬ್ಬ ಕೆಲಸದವನಿದ್ದ. ಅವನ ಕಾಲಡಿಯ ಬಿದಿರು ಸೀಳಿದ್ದು ನನಗೆ ಕಾಣಿಸ್ತು' ಎಂದ. 'ಹೇಳಬೇಕು ಅಂದುಕೊಂಡೆ. ಹೇಳಿದರೆ ಅವನು ಇಳಿದು ಬರ್ತಾನೋ, ಮಾತು ಹಾಗೇ ಉಳಿದುಬಿಡುತ್ತೋ ಅಂತ ಒಂದು ಉಸಿರು ಯೋಚನೆ ಮಾಡಿದೆ. ಒಂದೇ ಉಸಿರು. ಹೇಳುವಾಗ ಅವನು ಗಾಳಿಯಲ್ಲಿದ್ದ.'

ಅವಳು ನೆಲ ನೋಡಿದಳು. ಆ ಕೆಲಸದವನು ಕೆಳಗೆ ಬಂದಿದ್ದ. ಆದರೆ ಬಿದ್ದದ್ದು ಇಳಿದದ್ದಲ್ಲ ಎಂದು ಗಾಳಿಗೂ ಗೊತ್ತಿತ್ತು.

'ಮುಗಿಯುವ ಜಾಗ ನೋಡಬೇಕು ಅಂತ ನೀವೇ ಕಲಿಸಿದ್ದು' ಎಂದಳು.

'ಅದನ್ನು ಕಲಿತು ಮುಗಿಸಿದೀಯ ಅಂತಲೇ ಇಲ್ಲಿಗೆ ಕರೆದುಕೊಂಡು ಬಂದದ್ದು. ಅದು ಕಾಣದೆಯೂ ಹೇಳಬೇಕಾದ ಹೊತ್ತು ಒಂದಿರುತ್ತೆ. ಹತ್ತಿ ನೋಡ್ತೀಯಾ?'

ಅವಳು ಹತ್ತಿದಳು. ಮರುದಿನ ನೆರಳು ಬೇಲಿ ಮುಟ್ಟುವ ಮೊದಲೇ ಅಟ್ಟಣಿಗೆಯ ತುದಿಯಲ್ಲಿ ಕೂತಿದ್ದಳು. ದನಿ ಬಂತು. ಅವಳು ಒಂದೊಂದೇ ಬಿದಿರಿಗೆ ಕಾಲಿಟ್ಟು ಇಳಿದಳು. ಅದರ ಮರುದಿನವೂ ದನಿ ಬಂತು. ಅದು ಅವಳಿಗೆ ಹೇಳಿದ್ದಾಗಿರಲಿಲ್ಲ. ಯಾರಿಗೆ ಹೇಳಿತ್ತೋ ಅವನು ಇರಲಿಲ್ಲ. ಆದರೂ ಅವಳು ದಿನವೂ ಹೊಳೆ ದಾಟಿದಳು, ದಿನವೂ ಹತ್ತಿದಳು, ದಿನವೂ ಇಳಿದಳು. ಹತ್ತಿಯವನು ಕೆಳಗೆ ಕಿವಿ ಮುಚ್ಚಿ ಕೂತಿರುತ್ತಿದ್ದ. ನಲವತ್ತನೆಯ ದಿನ ಇಳಿದವಳು ಅವನ ಎದುರು ಕೂತು, ತಾನೇ ಅವನ ಕಿವಿಯ ಹತ್ತಿ ತೆಗೆದಳು.

'ನೀವು ಇದನ್ನು ಯಾವತ್ತಾದರೂ ಮೇಲಿನಿಂದ ಕೇಳಿದ್ದೀರಾ?'

'ಇಲ್ಲ. ಆಗ ಧೈರ್ಯ ಇರಲಿಲ್ಲ, ಈಗ ಮೊಣಕಾಲಿಲ್ಲ.'

'ಕೆಳಗೆ ನಿಂತರೆ ಗದರಿದ ಹಾಗೆ ಕೇಳುತ್ತೆ. ಮೇಲೆ ಕೂತರೆ ಹಾಗಲ್ಲ. ಯಾರೋ ಬಹಳ ಹೆದರಿಕೊಂಡು ಕರೆದ ಹಾಗೆ ಕೇಳುತ್ತೆ. ಅವನಿಗೆ ಹಾಗೇ ಕೇಳಿಸಿರಬೇಕು.'

ಹತ್ತಿಯವನು ಹೊಳೆಯ ಕಡೆ ತಿರುಗಿದ. ಆಮೇಲೆ ಎದ್ದು, 'ಕೋಣೆ ಇರಲಿ' ಎಂದ. 'ಹೊಳೆಯ ಕಡೆಗೆ ಒಂದು ಕಿಟಕಿ ಇದ್ದರೆ ಒಳ್ಳೆಯದು.'

ಕಿವಿಯವಳಿಗೆ ಇದನ್ನು ಕೇಳಿ ಸಿಟ್ಟು ಬಂತು. 'ಕಿಟಕಿ ಇಟ್ಟರೆ ಅದು ಮೌನದ ಕೋಣೆ ಹೇಗಾಗುತ್ತೆ? ಛತ್ರ ಆಗುತ್ತೆ' ಎಂದು ಮೂರು ದಿನ ಗೊಣಗಿದಳು. ಆದರೂ ಕಿಟಕಿ ಇಟ್ಟರು.

ವರ್ಷ ತುಂಬಲು ಹದಿನೈದು ದಿನ ಇರುವಾಗ ಒಬ್ಬ ವಿಧವೆಯ ಹಿತ್ತಿಲಿನಲ್ಲಿ ಕೋಣೆ ಏಳುತ್ತಿತ್ತು. ಅವಳ ಗಂಡ ಇನ್ನೊಂದು ಸೌಟು ಸಾರು ಹಾಕು ಎಂದವನು, ಸೌಟು ಎತ್ತುವಷ್ಟರಲ್ಲಿ ಒರಗಿದ್ದ. ದಿನವೂ ಊಟದ ಹೊತ್ತಿಗೆ ಅವನು ಕೇಳುತ್ತಿದ್ದ. ಅವಳು ದಿನವೂ ಬರಿದಾದ ಎಲೆಗೆ ಸಾರು ಹಾಕುತ್ತಿದ್ದಳು. ಕೋಣೆ ಬೇಕು ಎಂದವರು ಮಕ್ಕಳು, ಅವಳಲ್ಲ. 'ಅವರು ಸುಮ್ಮನಾದರೆ ನಾನು ಯಾರ ಜೊತೆ ಊಟ ಮಾಡಲಿ?' ಎಂದು ಕೆಲಸದವರನ್ನು ಕೇಳುತ್ತಿದ್ದಳು.

ಕೋಣೆಗೆ ಗುಮ್ಮಟವಿತ್ತು. ಗುಮ್ಮಟದ ಕೊನೆಯ ಇಟ್ಟಿಗೆಯನ್ನು ನಕ್ಷೆ ಬರೆದವನೇ ಇಡುವುದು ವಾಡಿಕೆ. ಗೆರೆಯವನು ಏಳು ಮೆಟ್ಟಿಲಿನ ಏಣಿಯ ತುದಿಯಲ್ಲಿ ನಿಂತು ಇಟ್ಟಿಗೆಗೆ ಸುಣ್ಣ ಬಳಿಯುತ್ತಿದ್ದ. ಕೆಳಗೆ ಅಳತೆಯವಳು ಗುಮ್ಮಟದ ಗೂಟಕ್ಕೆ ಕಟ್ಟಿದ ಹಗ್ಗವನ್ನು ಬಿಗಿಹಿಡಿದಿದ್ದಳು.

ಹಗ್ಗ ಅವಳ ಕೈಯಲ್ಲಿ ಒಂದು ಬೆರಳಿನಷ್ಟು ಸಡಿಲವಾಯಿತು.

ಊರಿನ ನಾಲಗೆ ಅವಳ ಬಾಯಿಯಲ್ಲಿ ಎದ್ದಿತು: ಹಗ್ಗ ಸಡಿಲವಾಯಿತಲ್ಲ? ಅವಳು ಅದನ್ನು ನುಂಗಿದಳು. ಮುಗಿಯುವ ಜಾಗ ಕಾಣಲಿಲ್ಲ. ಧೂಳು ಮಾತ್ರ ಕಂಡಿತು.

'ಇಳಿದು ಬಾ' ಎಂದಳು.

ಗೆರೆಯವನು ತಿರುಗಿ ನೋಡಿದ. ಆರು ವರ್ಷಗಳಿಂದ ಅವನೊಬ್ಬನಿಗೇ ಎಂದು ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಅವನ ಕಾಲುಗಳಿಗೆ ಅದು ಮರೆತೇ ಹೋಗಿತ್ತು. ಆಮೇಲೆ ಅವಳ ಮುಖ ನೋಡಿ ಒಂದು ಮೆಟ್ಟಿಲು ಇಳಿದ. ಎರಡು. ಮೂರು. ಮೇಲೆ ಸಣ್ಣಗೆ ಮಣ್ಣು ಉದುರಿತು. ಅವನು ಹಾರಿದ. ಅವಳು ಅವನ ತೋಳು ಹಿಡಿದು ಬಾಗಿಲಿನಾಚೆಗೆ ಎಳೆದಳು. ಗುಮ್ಮಟ ಏಣಿಯ ಮೇಲೆ ಕುಸಿಯಿತು.

ವಿಧವೆ ಸೌಟು ಹಿಡಿದೇ ಓಡಿ ಬಂದಳು. ಧೂಳು ಇಳಿಯಿತು. ಗೆರೆಯವನ ಎಡ ಮಣಿಕಟ್ಟು ಊದುತ್ತಿತ್ತು.

'ನನಗೆ ಅಪ್ಪಣೆ ಮಾಡಿದೆ' ಎಂದ. 'ಅದೂ ಬಾ ಅಂತ.'

'ಹೌದು' ಎಂದಳು ಅಳತೆಯವಳು.

ಮರುದಿನ ಅದೇ ಹೊತ್ತಿಗೆ, ಬಿದ್ದ ಇಟ್ಟಿಗೆಗಳ ನಡುವೆ, ಅವಳ ದನಿ ಕೇಳಿತು. ಇಳಿದು ಬಾ. ಅವನು ನಾಲ್ಕು ಮೆಟ್ಟಿಲು ಹಾರಿದ್ದ; ಗಾಳಿ ಎಣಿಸಿ ಇಟ್ಟುಕೊಂಡಿತ್ತು. ವಿಧವೆ ಹಿತ್ತಿಲಿನ ಬಾಗಿಲಲ್ಲಿ ನಿಂತು, 'ಈಗ ನನ್ನ ಮನೆಯಲ್ಲಿ ಇಬ್ಬರು' ಎಂದಳು.

ಮಣ್ಣಿನವನೂ ಕಿವಿಯವಳೂ ಅಳತೆಯವಳ ಹತ್ತಿರ ಬಂದು ಮಣೆಯ ಮಾತು ತೆಗೆದರು. ಬೆಕ್ಕನ್ನು ಎತ್ತಿ ಪಕ್ಕಕ್ಕೂ ಇಟ್ಟರು. ಅವಳು ತಲೆಯಾಡಿಸಿದಳು.

'ಕಲಿಯುವಾಗಿನದು ಬಿಟ್ಟರೆ ಒಂದೇ ಒಂದು ಅಪ್ಪಣೆ ಕೊಟ್ಟೆ. ಅದೂ ಉಳಿದುಕೊಂಡಿತು' ಎಂದಳು. 'ಅದು ಅಲ್ಲಿರುವ ತನಕ ನಾನು ಇಲ್ಲಿ ಕೂರೋದಿಲ್ಲ.'

ಗೆರೆಯವನು ಕೆಲಸಕ್ಕೆ ಬರುವುದನ್ನೇ ಬಿಟ್ಟಿದ್ದ. ಮನೆಯಲ್ಲಿ ಕೂತು ಬಲಗೈಯಲ್ಲಿ ಗೆರೆ ಎಳೆಯುತ್ತಿದ್ದನಂತೆ, ಅಳಿಸುತ್ತಿದ್ದನಂತೆ. ಅವನು ಬಂದು ಹತ್ತಿ ಇಳಿದರೆ ಅವಳ ದನಿ ನಿಲ್ಲುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಕೇಳಿದರೆ ಪ್ರಶ್ನೆ ಕರಗಿ ಹೋಗುತ್ತದೆ. ಹೇಳಿದರೆ ಇನ್ನೊಂದು ದನಿ ಹುಟ್ಟುತ್ತದೆ. ಅವಳು ಏನೂ ಮಾಡದೆ ದಿನವೂ ವಿಧವೆಯ ಹಿತ್ತಿಲಿಗೆ ಹೋಗಿ, ತನ್ನ ದನಿಯನ್ನು ಕೆಳಗೆ ನಿಂತು ಕೇಳಿ ಬರುತ್ತಿದ್ದಳು. ಗದರಿದ ಹಾಗೆಯೇ ಇತ್ತು. ತಾಯಿಯ ದನಿಗಿಂತ ಕಹಿಯಾಗಿತ್ತು.

'ನನ್ನವನು ಇಲ್ಲ' ಎಂದ ಹತ್ತಿಯವನು, ಕಿಟಕಿಯ ಹತ್ತಿರ ಕೂತು. ಅವನ ಕಿವಿಗಳು ಈಗ ಬರಿದಾಗಿದ್ದವು. 'ನಿನ್ನವನು ಇದ್ದಾನೆ.'

'ಬರ್ತಾನಾ?'

'ನನಗೆ ಗೊತ್ತಿಲ್ಲಮ್ಮ.'

ಹನ್ನೆರಡನೆಯ ದಿನ ಅವನು ಬಂದ. ಹೆಗಲ ಮೇಲೆ ಏಣಿ ಇತ್ತು. ಬಾವಿಯ ಹಿಂದಿನ ಹಳೆಯ ಏಣಿ, ಎರಡು ಹೊಸ ಮೆಟ್ಟಿಲಿನದು. ಅವನು ಯಾರನ್ನೂ ನೋಡಲಿಲ್ಲ. ಉಳಿದ ಒಂದು ಗೋಡೆಗೆ ಏಣಿ ಆನಿಸಿ, ಒಂದೇ ಕೈಯಲ್ಲಿ ಹಿಡಿದು ಹತ್ತಿ, ತುದಿಯಲ್ಲಿ ಕೂತ. ಮೇಲೆ ಗುಮ್ಮಟವಿರಲಿಲ್ಲ, ಆಕಾಶವಿತ್ತು. ಅಳತೆಯವಳು ಕೆಳಗೆ ನಿಂತಳು. ವಿಧವೆ ಸೌಟು ಕೆಳಗಿಟ್ಟಳು.

ಇಳಿದು ಬಾ.

ಗೆರೆಯವನ ಮುಖ ಬದಲಾಯಿತು. ಆಮೇಲೆ ಏಣಿಗೆ ಮುಖ ಮಾಡಿ ಇಳಿದ. ಒಂದು, ಎರಡು, ಮೂರು. ನಾಲ್ಕು. ಐದು. ಆರು. ಏಳನೆಯದರ ಮೇಲೆ ನಿಂತು, ನೆಲವನ್ನು ನೋಡಿ, ಕಾಲಿಟ್ಟ.

'ಮೇಲಿನಿಂದ ಬೇರೆ ಥರ ಕೇಳುತ್ತೆ' ಎಂದ.

'ಹೂಂ' ಎಂದಳು.

ಅವನು ಏಣಿಯನ್ನು ಗೋಡೆಯಿಂದ ತೆಗೆದ. ಹೆಗಲಿಗೇರಿಸುವ ಮೊದಲು, ಬೇರೆ ಕಡೆ ನೋಡುತ್ತಾ ಕೇಳಿದ:

'ನಾಳೆ ಎಷ್ಟು ಹೊತ್ತಿಗೆ ಬರಲಿ?'

ಅಳತೆಯವಳು ಒಂದು ಉಸಿರು ಸುಮ್ಮನಿದ್ದಳು. ಹಿತ್ತಿಲಿನ ಬಾಗಿಲು ಕಂಡಿತು, ಬೆಳಗಿನ ಬಿಸಿಲು ಕಂಡಿತು, ಆ ಬಿಸಿಲಿನಲ್ಲಿ ಏಣಿ ಹೊತ್ತು ಬರುವವನು ಕಂಡ.

'ಬಿಸಿಲು ಈ ಗೋಡೆ ಮುಟ್ಟುವಾಗ ಬನ್ನಿ' ಎಂದಳು.

ಅವನು ಬಂದ. ಆ ದಿನ ಅವಳ ದನಿ ಆ ಹಿತ್ತಿಲಿನಲ್ಲಿ ಏಳಲಿಲ್ಲ. ಊಟದ ಹೊತ್ತಿಗೆ ಒಳಗಿನಿಂದ ಸತ್ತವನು ಸಾರು ಕೇಳಿದ. ವಿಧವೆ ಅವನ ಎಲೆಗೂ ಕೆಲಸದವರ ಎಲೆಗೂ ಬಡಿಸಿದಳು. ಸಂಜೆ ಅಳತೆಯವಳು ಮನೆಗೆ ಹೋಗುವ ಮೊದಲು ಮಣೆಯ ಮೇಲೆ, ಬೆಕ್ಕಿಗೆ ಅರ್ಧ ಜಾಗ ಬಿಟ್ಟು, ಕೂತಳು.

ಹತ್ತಿಯವನು ಆ ಮಳೆಗಾಲ ಕಳೆಯುವ ಮೊದಲೇ ಹೋದ. ಅವನ ದನಿ ಹೋಗಲಿಲ್ಲ. ಬಲದಂಡೆಯಲ್ಲಿ ಗೋಪುರದ ಅಟ್ಟಣಿಗೆ ಇನ್ನೂ ನಿಂತಿದೆ. ಕೊಳೆತ ಬಿದಿರನ್ನು ಎಡದಂಡೆಯ ಮನೆಯವರು ಹೋಗಿ ಬದಲಿಸುತ್ತಾರೆ. ಆ ಮನೆಯಲ್ಲಿ ಮಣೆಗೆ ಹತ್ತಿರವಾಗುವವರು ಯಾರೇ ಇರಲಿ, ಮೊದಲು ಹೊಳೆ ದಾಟಬೇಕು, ನಲವತ್ತು ದಿನ ಹತ್ತಬೇಕು. ನೆರಳು ಬೇಲಿ ಮುಟ್ಟುತ್ತದೆ, ಒಬ್ಬ ಮನುಷ್ಯ ಹೆದರಿಕೊಂಡು ಕರೆಯುತ್ತಾನೆ. ಅದು ತಮಗಲ್ಲ ಎಂದು ಗೊತ್ತಿದ್ದೂ ದಿನವೂ ಯಾರೋ ಒಬ್ಬರು ಇಳಿದು ಬರುತ್ತಾರೆ.